ಬದುವಿನ ಮೇಲೆ ನಿಂತು ಬರೆದ ಲೆಕ್ಕ

ಎಡಗಡೆಯ ಕಡ್ಡಿ ಮುರಿದು ತಾಮ್ರದ ತಂತಿ ಸುತ್ತಿದ್ದ ಆ ಕನ್ನಡಕ ಮೂಗಿನಿಂದ ಇಳಿಯಿತೆಂದರೆ ನಮಗೆ ಕಲ್ಪೆಟ್ಟದ ಬಸ್ಸು ತಪ್ಪಿತೆಂದೇ ಅರ್ಥ. ಬೆಳೆಯ ಅಂಕಿಅಂಶ ಕಲೆಹಾಕುವ ಕಚೇರಿಯಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಸಾರ್, ಅದನ್ನು ಅಂಗಿಯ ತುದಿಯಿಂದ ಒರೆಸುತ್ತಾ ಸಂಖ್ಯಾಶಾಸ್ತ್ರದ ಚರಿತ್ರೆ ಶುರುಮಾಡುತ್ತಿದ್ದರು. ದಾಳ ಉರುಳಿಸಿದ ಜೂಜುಕೋರರು, ಊರಿನ ಸಾವುಗಳನ್ನು ಪಟ್ಟಿ ಮಾಡಿದ ಲಂಡನ್ನಿನ ವ್ಯಾಪಾರಿ, ನಕ್ಷತ್ರ ಅಳೆಯಲು ಹೋಗಿ ತಮ್ಮ ತಪ್ಪುಗಳನ್ನೇ ಅಳೆದವರು, ಒಬ್ಬರನ್ನೂ ಬಿಡುತ್ತಿರಲಿಲ್ಲ. ಲೋಟಕ್ಕೆ ಮೊದಲು ಹಾಲು ಬಿತ್ತೋ ಚಹಾ ಬಿತ್ತೋ ಎಂದು ರುಚಿಯಿಂದ ಹೇಳಬಹುದೇ ಅಂತ ನೋಡುವ ಹಳೆಯ ಪ್ರಯೋಗವೊಂದಕ್ಕೆ ಒಮ್ಮೆ ಮೀನಂಗಡಿ ಊರಿನ ಚಹಾದಂಗಡಿಯಲ್ಲಿ ಎಂಟು ಲೋಟ ತರಿಸಿದರು. ಎಂಟನ್ನೂ ಕುಡಿದವಳು ನಾನು. ಖುಷಿಪಟ್ಟವರು ಅವರು.

ನಮ್ಮ ಕೆಲಸ ಇಷ್ಟೇ: ಯಾವ ಗದ್ದೆಯ ಯಾವ ಜಾಗ ಎಂಬುದನ್ನು ಚೀಟಿ ಎತ್ತಿದ ಹಾಗೆ ಸಂಖ್ಯೆಗಳು ಆರಿಸುತ್ತವೆ. ಅಲ್ಲಿ ನಾಲ್ಕು ಗೂಟ ಹೊಡೆದು, ಹಗ್ಗ ಕಟ್ಟಿ, ಒಳಗಿನ ಭತ್ತ ಕೊಯ್ದು ತೂಗಬೇಕು. ಸುತ್ತಲಿನ ಊರುಗಳ ಬೆಳೆ ವಿಮೆ ಆ ತೂಕದ ಮೇಲೆ ನಿಲ್ಲುತ್ತದೆ.

ಒಂದು ವರ್ಷ ಚೀಟಿಯಲ್ಲಿ ಬಂದದ್ದು ತಿರುನೆಲ್ಲಿ ಕಡೆಯ, ತೋಡಿನ ನೀರು ದಾಟಿ ಹೋಗಬೇಕಾದ ಜೌಗು ಗದ್ದೆ. ಆನೆ ಬೇರೆ ತುಳಿದಿತ್ತು. ನಾನು ರಸ್ತೆ ಬದಿಯ ಗದ್ದೆಯಲ್ಲೇ ತೂಗಿ, ಅದನ್ನೇ ಜೌಗು ಗದ್ದೆಯದೆಂದು ಬರೆದು ಹಿಂತಿರುಗಿದೆ. ಸಾರ್ ಕಾಗದ ನೋಡಲಿಲ್ಲ, ನನ್ನ ಪಾದ ನೋಡಿದರು.

“ಮೋಳೇ,” ಎಂದರು, ಮಗಳೇ ಎನ್ನುವ ಹಾಗೆ. “ಜೌಗಿಗೆ ಇಳಿದವಳ ಚಪ್ಪಲಿಯಲ್ಲಿ ಕೆಸರೇ ಇಲ್ಲವಲ್ಲ?”

“ಎಲ್ಲಾ ಭತ್ತವೇ ಅಲ್ವಾ ಸಾರ್! ಯಾರು ನೋಡ್ತಾರೆ?”

ಕನ್ನಡಕ ಇಳಿಯಿತು. “ಹಿಂದೆ ಬದುವಿನ ಮೇಲೆ ನಿಂತು, ಬೆಳೆ ಹದಿನಾರಕ್ಕೆ ಎಷ್ಟಾಣೆ ಅಂತ ಕಣ್ಣಂದಾಜಲ್ಲೇ ಬರೀತಿದ್ರು. ಕಾಲು ಯಾವಾಗಲೂ ಸುಲಭದ ಕಡೆಗೇ ಹೋಗೋದು. ಅದನ್ನ ತಡೆಯೋಕೇ ಚೀಟಿ ಎತ್ತೋ ಈ ವಿದ್ಯೆ ಬಂದದ್ದು.”

ನನಗೆ ತಲೆ ಚಿಟ್ಟುಹಿಡಿಯಿತು. ಮರುದಿನ ನನ್ನನ್ನು ಆ ಜೌಗು ಗದ್ದೆಗೆ ಎಳೆದುಕೊಂಡೇ ಹೋದರು. ಉಳಿದಿದ್ದ ಪೈರನ್ನು ಗದ್ದೆಯ ಒಡತಿ ಅಜ್ಜಿ ಆಗಲೇ ಕೊಯ್ದಿದ್ದರು; ತೂಗಲು ಏನೂ ಇರಲಿಲ್ಲ.

“ನಿನ್ನೆ ಇಡೀ ದಿನ ಕಾದೆ ಸಾರೇ,” ಎಂದರು ಅಜ್ಜಿ. “ಈ ಹುಡುಗಿ ರೋಡಲ್ಲೇ ತೂಗಿ ಹೋಯ್ತು. ಅಲ್ಲಿಗೆ ಆನೆ ಇಳೀಲೇ ಇಲ್ಲ. ಈಗ ನಮಗೂ ಚೆನ್ನಾಗಿ ಬೆಳೆದಿದೆ ಅಂತ ಬರೀತೀರಾ?”

“ಇಲ್ಲಮ್ಮಾ,” ಎಂದ ಸಾರ್, ನನ್ನ ಕಾಗದಕ್ಕೆ ಅಲ್ಲೇ ಅಡ್ಡಗೆರೆ ಎಳೆದರು.

ಆರಿಸಿದ ಗದ್ದೆಗಳಲ್ಲಿ ಒಂದರ ಲೆಕ್ಕ ಕಡಿಮೆ ಬಿತ್ತೆಂದು ಮೇಲಿನಿಂದ ಮೆಮೊ ಬಂತು, ಅವರಿಗೆ. ಕೈಗೆ ಬಂದಿದ್ದ ಬಡ್ತಿ ತಪ್ಪಿತು. ಒಂದು ಕಾಗದಕ್ಕೆ ಇಷ್ಟು ಹಟ ಮಾಡಿದವರಿಗೆ ಆಗಬೇಕಾದದ್ದೇ ಎಂದುಕೊಂಡೆ. ಅವರು ನಿವೃತ್ತರಾಗುವವರೆಗೂ ನಾನು ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಹಳೆಯ ಫೈಲಿನಲ್ಲಿ ಮೆಮೊಗೆ ಅವರು ಕೊಟ್ಟ ಉತ್ತರ ಸಿಕ್ಕಿತು: “ಅಂದು ಗದ್ದೆಯಲ್ಲಿ ಇರಬೇಕಾದವನು ನಾನು. ಹೋಗಲಿಲ್ಲ. ತಪ್ಪು ನನ್ನದು.”

ನನ್ನ ಹೆಸರು ಎಲ್ಲೂ ಇರಲಿಲ್ಲ. ಅಂದು ನನ್ನ ಜೊತೆಗೆ ಹೊರಟು ನಿಂತಿದ್ದ ಸಾರನ್ನು, ದಾರಿಯುದ್ದಕ್ಕೂ ಚರಿತ್ರೆ ಕೇಳಬೇಕಲ್ಲ ಎಂಬ ಬೇಸರಕ್ಕೆ, ಬರಬೇಡಿ ಎಂದವಳು ನಾನು. ಅದನ್ನೂ ಅವರು ಬರೆದಿರಲಿಲ್ಲ.