ಬೆನ್ನಿನ ಬರೆ ಎದೆಗೆ ಬಂದದ್ದು

ಎಪ್ಪತ್ತರ ದಶಕದ ಕೊನೆ ಇರಬೇಕು. ಯಾವ ವರ್ಷ ಎಂದು ಕೇಳಬೇಡಿ. ಕೊಳ್ಳೇಗಾಲದಿಂದ ನಾವು ಹತ್ತಿದ ಬಸ್ಸು ಹನೂರಿನಲ್ಲಿ ಕೆಟ್ಟು ನಿಂತಿತೇ ಎಂಬುದೂ ನನಗೆ ಖಾತ್ರಿಯಿಲ್ಲ. ನನ್ನ ಸೋದರಮಾವನನ್ನು ಆಸ್ಪತ್ರೆಯಿಂದ ಕೌದಳ್ಳಿಗೆ ಕರೆತಂದವನು ನಾನೇ ಎಂಬುದು ಮಾತ್ರ ನಿಜ.

ಮಾವನ ಎದೆಯಲ್ಲಿ ಗಡ್ಡೆ ಎದ್ದಿತ್ತು. ಬೆಂಗಳೂರಿನ ಡಾಕ್ಟರು ಅದರ ಜೊತೆಗೆ ಪಕ್ಕೆಲುಬಿನ ತುಂಡನ್ನೂ ತೆಗೆದರು. ಅಲ್ಲಿ ಉಳಿದ ಕುಳಿಗೆ ಅವನ ಬೆನ್ನಿನ ಮಾಂಸವನ್ನೇ ಚರ್ಮದ ಸಮೇತ, ನರ-ರಕ್ತನಾಳಗಳ ಬುಡ ಕೀಳದೆ, ಕಂಕುಳ ಕೆಳಗಿಂದ ತಿರುಗಿಸಿ ತಂದು ಹೊಲಿದರು. ಆದರೆ ಊರಿಗೆ ಮುಟ್ಟಿದ ಸುದ್ದಿ ಒಂದೇ: "ಎದೆಗೆ ಮಾಂಸ ಇಕ್ಕಿ ಹೊಲ್ದವ್ರಂತೆ."

ನಮ್ಮದು ಮಾದಪ್ಪನ ಒಕ್ಕಲು. ಮಾಂಸ ಹೊಸಿಲು ದಾಟುವಂತಿಲ್ಲ. ಅಜ್ಜಿ ಮಗನ ತಟ್ಟೆಯನ್ನು ಜಗಲಿಗೇ ತಂದಿಟ್ಟಳು.

"ಕುರೀದೋ ಕೋಣಂದೋ, ತಿಳಿಯೋಗಂಟ ಒಳೀಕೆ ಬರ್ಬ್ಯಾಡ ಕಣ್ಲಾ."

"ನಂದೇ ಕಣವ್ವ! ಬೆನ್ನಿಂದು!"

"ನೀನು ನೋಡ್ದ್ಯಾ?"

"ಗ್ಯಾನ ತಪ್ಸಿದ್ರಲ್ಲವ್ವ."

"ಅಂಗಾರೆ ಸುಮ್ಕೆ ಉಣ್ಣು."

ಮಾವನಿಗೆ ಊಟದ ಚಿಂತೆಯಲ್ಲ. ಅಂದು ಸೋಮವಾರ, ಮಾದಪ್ಪನ ದಿನ. ಅಜ್ಜ ತೀರಿಹೋದಾಗಿನಿಂದ ಮನೆಯ ದೇವರ ದೀಪ ಹಚ್ಚುತ್ತಿದ್ದವನು ಅವನೇ. ಸಾವನ್ನು ದಾಟಿ ಬಂದವನು ಈಗ ಹೊಸಿಲು ದಾಟಲಾರದೆ ಬಾಗಿಲನ್ನೇ ನೋಡುತ್ತ ಕೂತಿದ್ದ. ನಾನು ಎಂ.ಎ. ಓದಿದವನು. ಕಂಬಳಿಯ ಮೂಲೆ ಮಡಿಸಿ ಆಪರೇಶನ್ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಕಂಬ್ಳಿ ಅಲ್ಲೇ ಮಡಗು, ಮಣ್ಣಾಯ್ತದೆ" ಅಂದಳು.

ಅಷ್ಟರಲ್ಲಿ ಮಾವ, "ಲೇ, ಬೆನ್ನು ಕೆರಿಲಾ" ಅಂದ. ಕೆರೆದೆ. "ಅಲ್ಲಲ್ಲ... ಇನ್ನೂ ಅತ್ಲಾಗೆ... ಥೂ, ಓದ್ದೋನೇ!" ಎಂದು ಅಂಗಿ ಬಿಚ್ಚಿ ತನ್ನ ಎದೆಯನ್ನೇ ಕೆರೆದುಕೊಂಡ. "ಆಹಾ, ಈಗ ಬೆನ್ನಿಗೆ ಇತವಾಯ್ತು."

ಮಗನಿಗೆ ತಲೆಯೂ ಕೆಟ್ಟಿತೆಂದು ಅಜ್ಜಿ ಗಾಬರಿಯಿಂದ ಬಗ್ಗಿದಳು. ಬಗ್ಗಿದವಳು ಅಲ್ಲೇ ನಿಂತಳು. ಹೊಲಿದ ಚರ್ಮದ ನಡುವೆ ಕುಡುಗೋಲಿನ ಮೊನೆಯಿಂದ ಎಳೆದ ಹಳೆಯ ಕಲೆ. ಮಗು ಬೆಚ್ಚಿ ಬಿದ್ದರೆ ಕುಡುಗೋಲಿನ ಮೊನೆ ಕಾಯಿಸಿ ಬೆನ್ನಿಗೆ ಬರೆ ಎಳೆಯುವುದು ನಮ್ಮ ಕಡೆಯ ತಾಯಂದಿರ ವೈದ್ಯ.

"ಇದು ನಾನು ಆಕಿದ್ ಬರೆ ಕಣ್ಲಾ!"

ಕೆರೆಯಲ್ಲಿ ಈಜುವಾಗ ಮಾವನ ಬೆನ್ನಿನ ಮೇಲೆ ಆ ಕಲೆಯನ್ನು ಕಂಡ ನೆನಪು ನನಗಿದೆ. ಆದರೆ ಆ ನೆನಪು ಅಂದಿನ ಜಗಲಿಯ ಮೇಲೆಯೇ ಹುಟ್ಟಿದ್ದೂ ಇರಬಹುದು. ನನ್ನನ್ನು ಸಾಕ್ಷಿಗೆ ಕರೆದರೆ ನಾನು ನಿಲ್ಲಲಾರೆ. ಅಜ್ಜಿಗೆ ನನ್ನ ಸಾಕ್ಷಿ ಬೇಕಿರಲಿಲ್ಲ. ಕಲೆಯ ಮೇಲೆ ಹೆಬ್ಬೆರಳು ಆಡಿಸಿದಳು, ಮೂಗು ಒರೆಸಿಕೊಂಡಳು, ತಟ್ಟೆ ಎತ್ತಿಕೊಂಡಳು.

"ಏಳ್ಲಾ, ಒತ್ತಾಯ್ತು. ದೀಪಕ್ಕೆ ಎಣ್ಣೆ ಬುಟ್ಟಿವ್ನಿ."

ಮಾವ ಹೊಸಿಲು ದಾಟಿದ. ಹಿಂದೆಯೇ ಹೋದ ಅಜ್ಜಿಯ ಗೊಣಗಾಟ ಜಗಲಿಗೂ ಕೇಳುತ್ತಿತ್ತು: "ನಾನು ಎಷ್ಟು ನೆಟ್ಟುಗೆ ಆಕಿದ್ದೆ. ಡಾಕ್ಟ್ರು ತಂದು ಸೊಟ್ಟುಗೆ ಅಂಟ್ಸವ್ನೆ!"