ಪದ್ಮಕ್ಕನ ಗೋಡೆ ಒಡೆಸಿದ್ದು

ನಿನ್ನೆ ಸಂಜೆ ಫೋನು ಮಾಡದೆ ಕೆಳಗಿನ ಮನೆಯ ಪದ್ಮಕ್ಕನಲ್ಲಿಗೆ ಹೋದೆ. ಕಾಫಿಯ ವಾಸನೆ ಹಿಡಿದು ನೇರ ಅಡುಗೆಮನೆಗೆ ನುಗ್ಗಿದವನ ಕಣ್ಣಿಗೆ ಒಲೆಯ ಪಕ್ಕದ ಗೋಡೆ ಬಿತ್ತು. ನೀಲಿ ಬಳ್ಳಿಯ ಟೈಲುಗಳ ನಡುವೆ ಎರಡು ಬೋಳು ಬಿಳಿ ಟೈಲು. ನನ್ನ ಕಿವಿ ಬಿಸಿಯಾಯಿತು. ಅದು ನನ್ನದೇ ಘನಕಾರ್ಯ, ಹೇಳುತ್ತೇನೆ ಕೇಳಿ.

ನಾನು ಚೆನ್ನೈನ ಶೋಳಿಂಗನಲ್ಲೂರಿನ ಒಂದು ಲ್ಯಾಬಿನಲ್ಲಿ ನೆಟ್‌ವರ್ಕ್ ಅನಲೈಸರ್ ಮುಂದೆ ಕೂರುವವನು. ಕೇಬಲಿನೊಳಗೆ ಬೇರೆ ಬೇರೆ ಫ್ರೀಕ್ವೆನ್ಸಿಯ ಅಲೆಗಳನ್ನು ಒಂದೊಂದಾಗಿ ಕಳಿಸಿ, ಎಷ್ಟು ಮರಳಿತೆಂದು ಅಳೆಯುವ ಯಂತ್ರ ಅದು. ಆ ಅಳತೆಗಳನ್ನೆಲ್ಲ ಲೆಕ್ಕ ಹಾಕಿ ಕಾಲಕ್ಕೆ ತಿರುಗಿಸಿದರೆ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತೆಂದು ತಿಳಿಯುತ್ತದೆ, ಹೊತ್ತಿನಿಂದ ದೂರ. ಬಾವಿಯೊಳಗೆ ಕೂಗಿ ಆಳ ಅಂದಾಜು ಮಾಡಿದ ಹಾಗೆ. ಗೋಡೆ ಒಡೆಯದೆಯೇ ಕೇಬಲ್ ಎಲ್ಲಿ ಕೆಟ್ಟಿದೆ ಎಂದು ಹೇಳಬಹುದು, ಹೇಳುವವನಿಗೆ ಬುದ್ಧಿ ಇದ್ದರೆ.

ಎರಡು ವರ್ಷದ ಹಿಂದೆ ಪಲ್ಲಾವರಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಟೆರೇಸಿನ ಡಿಶ್ಶಿನಿಂದ ಗೋಡೆಯೊಳಗೆ ಇಳಿಯುವ ಕೇಬಲ್ ಕೆಟ್ಟು ನಮ್ಮ ಸಾಲಿನ ಟಿವಿಗಳೆಲ್ಲ ನಿಂತವು. ಹೊರಗಿನಿಂದ ಹೊಸ ಕೇಬಲ್ ಎಳೆಯೋಣ ಎಂದ ಮೆಕ್ಯಾನಿಕ್. ನಾನು ಬಿಟ್ಟೇನೆಯೇ? ಆಫೀಸಿನಲ್ಲಿ ಕೇಳಿ, ಕೈಯಲ್ಲಿ ಹಿಡಿಯುವಂಥ ಅನಲೈಸರ್ ತಂದು, ಟೆರೇಸಿನಲ್ಲಿ ಎಲ್ಲರೆದುರು ಜೋಡಿಸಿದೆ. ಪರದೆಯ ಗೆರೆಯಲ್ಲಿ, ಕೇಬಲ್ ಕೆಟ್ಟ ಜಾಗ ತೋರಿಸುವ ಚೂಪಾದ ಗುಡ್ಡ ಎದ್ದಿತು. ಟೇಪು ಹಿಡಿದು ಅಳೆದರೆ ಆ ದೂರ ಬಂದು ನಿಂತದ್ದು ಪದ್ಮಕ್ಕನ ಅಡುಗೆಮನೆಯಲ್ಲಿ.

ಪದ್ಮಕ್ಕ ಕುಂದಾಪುರದ ಕಡೆಯವರು. ಗಂಡನ ಜೊತೆ ಜೀವಮಾನವೆಲ್ಲ ಹೋಟೆಲಿನ ಹೊಗೆ ಕುಡಿದವರು. ತಮಗೇ ಅಂತ ಮಾಡಿಸಿಕೊಂಡ ಮೊದಲ ಅಡುಗೆಮನೆ ಅದು. ಆ ನೀಲಿ ಬಳ್ಳಿಗಾಗಿ ಅಂಗಡಿ ಅಂಗಡಿ ಅಲೆದಿದ್ದರು. ಗೋಡೆಯ ಮೇಲೆ ಅಂಗೈ ಇಟ್ಟು ಕೇಳಿದರು, “ಖಂಡಿತ ಇಲ್ಲೇ ಉಂಟಾ ಮಾರಾಯಾ? ಈ ಡಿಸೈನು ಈಗ ಸಿಕ್ಕುದಿಲ್ಲ.”

“ಮಷಿನ್ ಸುಳ್ಳು ಹೇಳಲ್ಲ ಅಕ್ಕಾ,” ಎಂದೆ.

ಉಳಿ ಬಿತ್ತು. ಮೇಸ್ತ್ರಿ ಒಳಗೆ ಕೈ ಹಾಕಿ ತಡವಿ, “ಕೇಬಲ್ ನಲ್ಲಾ ಇರುಕ್ಕು ಸಾರ್” ಎಂದ. ಚೆನ್ನಾಗಿದೆಯಂತೆ!

ಮಷಿನ್ ಸುಳ್ಳು ಹೇಳಿರಲಿಲ್ಲ. ಅಲೆ ಗಾಳಿಯಲ್ಲಿ ಓಡಿದಷ್ಟು ಜೋರಾಗಿ ಕೇಬಲಿನಲ್ಲಿ ಓಡುವುದಿಲ್ಲ. ಆ ಕೇಬಲಿನಲ್ಲಿ ಅದರ ವೇಗ ಸುಮಾರು ಮೂರರಲ್ಲಿ ಎರಡು ಪಾಲು. ಅದನ್ನು ಯಂತ್ರಕ್ಕೆ ನಾವೇ ಹೇಳಬೇಕು. ಹೊಸಬರಿಗೆ ಮೊದಲ ದಿನ ನಾನು ಕಲಿಸುವ ಪಾಠವೇ ಇದು. ಮೆರೆಯುವ ಗಡಿಬಿಡಿಯಲ್ಲಿ ನಾನೇ ಮರೆತೆ. ಯಂತ್ರ ಗಾಳಿಯ ವೇಗವನ್ನೇ ಹಿಡಿದು ದೂರವನ್ನು ಒಂದೂವರೆ ಪಟ್ಟು ತೋರಿಸಿತ್ತು. ಸರಿಮಾಡಿ ಅಳೆದಾಗ ದೋಷ ಸಿಕ್ಕಿದ್ದು ಮೇಲಿನ ಮಹಡಿಯಲ್ಲಿ, ನಮ್ಮ ಮನೆಯ ಗೋಡೆಯಲ್ಲಿ. ಟಿವಿ ನಿಂತ ಭಾನುವಾರವೇ ಶೆಲ್ಫಿಗೆಂದು ನಾನು ಡ್ರಿಲ್ ಹಾಕಿದ್ದ ತೂತಿನಲ್ಲಿ. ಎಲ್ಲರೂ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪದ್ಮಕ್ಕ ಎಲ್ಲರಿಗೂ ಕಾಫಿ ಕೊಟ್ಟರು. ನನಗೂ.

ಆಮೇಲೆ ಎಷ್ಟೋ ಸಲ, ಫೋನು ಮಾಡಿ ಹೋಗಿ, ಆ ಅಡುಗೆಮನೆಯಲ್ಲಿ ಕಾಫಿ ಕುಡಿದಿದ್ದೇನೆ. ಒಡೆಸಿದ ಜಾಗದಲ್ಲಿ ಯಾವಾಗಲೂ ಒಂದು ದೊಡ್ಡ ಕ್ಯಾಲೆಂಡರ್ ತೂಗುತ್ತಿತ್ತು. ತಿಥಿ ನೋಡಲು ಅಲ್ಲಿ ಹಾಕಿದ್ದಾರೆ ಅಂದುಕೊಂಡಿದ್ದೆ, ಒಡೆಸಿದ್ದು ಕಣ್ಣಿಗೆ ಬೀಳದೆ ನನಗೂ ಅದೇ ಅನುಕೂಲ.

ನಿನ್ನೆ ನನ್ನ ಬೆನ್ನಿಗೇ ಪದ್ಮಕ್ಕ ಹಾಲ್‌ನಿಂದ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಆ ಕ್ಯಾಲೆಂಡರ್. “ಎಂತ ಮಾರಾಯಾ, ಒಂದು ಫೋನು ಮಾಡಿ ಬರುದಲ್ವಾ?” ಎನ್ನುತ್ತ ಬಿಳಿ ಟೈಲಿನ ಮೇಲಿನ ಮೊಳೆಗೆ ಸಿಕ್ಕಿಸಹೊರಟರು. ಆಗ ಹೊಳೆಯಿತು, ಎರಡು ವರ್ಷದಿಂದ ನಾನು ಫೋನು ಮಾಡಿದಾಗಲೆಲ್ಲ, ನನಗೆ ನಾಚಿಕೆಯಾಗಬಾರದೆಂದು, ಅದನ್ನು ಇಲ್ಲಿಗೆ ತಂದು ಹಾಕುತ್ತಿದ್ದರು.

ಗೋಡೆ ಒಡೆದ ದಿನವೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಕ್ಯಾಲೆಂಡರನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ಹಾಲ್‌ನ ಮೊಳೆಗೇ ಹಾಕಿ ಬಂದೆ. “ಅಲ್ಲೇ ಇರಲಿ ಅಕ್ಕಾ.” ಬಿಳಿ ಟೈಲಿಗೆ ಎದುರಾಗಿ ಕುಳಿತು ಕಾಫಿ ಕುಡಿದೆ. ಗಡಿಬಿಡಿಯಲ್ಲಿ ಅವರು ಸಕ್ಕರೆ ಹಾಕಿರಲಿಲ್ಲ. ಕೇಳುವ ಮುಖ ನನಗಿರಲಿಲ್ಲ.