ತಂಬೂರಿಗೆ ಕಟ್ಟಿದ ಡಬ್ಬಿ

ನನ್ನ ಗಂಟಲು ಶ್ರುತಿಗೆ ಕೂಡುವುದಿಲ್ಲವೆಂದು ಧಾರವಾಡದ ನನ್ನ ಸಂಗೀತದ ಅಕ್ಕೋರು ಚಿಕ್ಕಂದಿನಲ್ಲೇ ಹೇಳಿಬಿಟ್ಟಿದ್ದರು. ಸಿಟ್ಟು ಬಂದಿತ್ತು, ಆದರೆ ಅವರ ಮನೆಗೆ ಹೋಗುವುದನ್ನು ಬಿಡಲಿಲ್ಲ. ಹಾಡಲು ಬಾರದವಳು ಅಲ್ಲಿ ಯಾವ ನೆಪದಿಂದ ಕೂರಬೇಕು? ಕೆಟ್ಟ ಮೈಕು, ಮುರಿದ ಪಿನ್ನು ರಿಪೇರಿ ಮಾಡುತ್ತ ಕೂತೆ. ಮುಂದೆ ಡಿಪ್ಲೊಮಾ ಕಾಲದ ಗೆಳೆಯನ ಜೊತೆ ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟಾಗಲೂ ಅಕ್ಕೋರ ಕೆಲಸ ಮಾತ್ರ ನಾನೇ ಮಾಡುತ್ತಿದ್ದೆ. ಆ ಮನೆಯಲ್ಲಿ ನನಗಿದ್ದ ಜಾಗ ಅದೊಂದೇ.

ಹೋದ ವರ್ಷ ಶಿಷ್ಯರೆಲ್ಲ ಸೇರಿ ಅವರ ಹಾಡಿಕೆಯ ಬೈಠಕ್ ಇಟ್ಟುಕೊಂಡರು. ಎರಡು ಎಲೆಕ್ಟ್ರಾನಿಕ್ ತಂಬೂರಿ, ಮೈಕಿನ ಒಂದು ಸಣ್ಣ ಆಂಪ್ಲಿಫೈಯರ್, ಮೂರಕ್ಕೂ ಸೇರಿ ಕರೆಂಟ್ ಕೊಡುವ ಒಂದೇ ಹನ್ನೆರಡು ವೋಲ್ಟಿನ ಡಬ್ಬಿ ಬೇಕಿತ್ತು. ಅಷ್ಟಕ್ಕೆ ಒಂದೂವರೆ ಆಂಪಿಯರ್ ಕರೆಂಟ್ ಬೇಕು. ವೋಲ್ಟೇಜನ್ನು ಏರಿಳಿಯದಂತೆ ಹಿಡಿದಿಡುವ, ನನ್ನ ಬಳಿಯಿದ್ದ ರೆಗ್ಯುಲೇಟರ್‌ಗಳು ಒಂದೊಂದು ಆಂಪಿಯರಿನವು. ಎರಡನ್ನು ಜೋಡಿಸಿದೆ. ಸುಮ್ಮನೆ ಜೋಡಿಸಿದರೆ ನಡೆಯುವುದಿಲ್ಲ. ಒಂದೇ ಕಂಪನಿಯವಾದರೂ ಅವುಗಳ ವೋಲ್ಟೇಜ್ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ. ಹೆಚ್ಚಿರುವುದು ಭಾರವನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಬಿಸಿಯಾಗುತ್ತದೆ, ಇನ್ನೊಂದು ಆರಾಮಾಗಿ ಕೂತಿರುತ್ತದೆ. ಮೊದಲಿನದು ಕಾದು ಬಂದ್ ಆಯಿತೋ, ಎಲ್ಲ ಭಾರ ಎರಡನೆಯದರ ತಲೆಗೆ ಬಂದು ಅದೂ ಬಂದ್. ಅದಕ್ಕೇ ಒಂದೊಂದರ ಮುಂದೆ ಕರೆಂಟಿಗೆ ತುಸು ತಡೆ ಒಡ್ಡುವ ಒಂದೊಂದು ಸಣ್ಣ ರೆಸಿಸ್ಟರ್ ಹಾಕಿದೆ. ಆಗ ಎರಡೂ ಹಂಚಿಕೊಂಡು ಹೊರುತ್ತವೆ, ವೋಲ್ಟೇಜ್ ಮಾತ್ರ ಚೂರು ಇಳಿಯುತ್ತದೆ.

ಆ ಚೂರೇ ಗೆಳೆಯನ ಕಣ್ಣಿಗೆ ಚುಚ್ಚಿತು.

"ಹನ್ನೆರಡಂದ್ರ ಹನ್ನೆರಡ ಇರಬೇಕು ನೋಡು. ಮೀಟರ್ ಹಚ್ಚಿದೋರು ನಗ್ತಾರ."

"ತಂಬೂರಿಗೆ ಇಷ್ಟು ಸಾಕು. ಆ ರೆಸಿಸ್ಟರ್ ಮುಟ್ಟಬ್ಯಾಡ," ಅಂದೆ.

"ಆತ್ ಬಿಡವಾ, ನಿನ್ನ ಡಬ್ಬಿ," ಎಂದು ನಕ್ಕ. ಮರುದಿನ ಅಮ್ಮಿನಬಾವಿಯಲ್ಲಿ ನನ್ನ ಒಡಹುಟ್ಟಿದ ಅಕ್ಕನ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ನಾನು ಹೋಗಬೇಕಿತ್ತು. ಮುಚ್ಚಳ ಹಾಕಿ ಧಾರವಾಡಕ್ಕೆ ಮುಟ್ಟಿಸುವ ಕೆಲಸ ಅವನಿಗೆ ಬಿಟ್ಟೆ.

ಬೈಠಕ್‌ನಲ್ಲಿ ಅಕ್ಕೋರು ನಿಧಾನಗತಿಯ ವಿಲಂಬಿತ ಮುಗಿಸಿ ವೇಗದ ದ್ರುತ್ ಹಿಡಿದಿದ್ದರು. ನಾನೂ ಗೆಳೆಯನೂ ಮುಂದಿನ ಸಾಲಿನಲ್ಲೇ ಕೂತಿದ್ದೆವು. ಎರಡೂ ತಂಬೂರಿ ಒಮ್ಮೆಲೇ ನಿಂತವು, ಮೈಕೂ ಸತ್ತಿತು. ಅಕ್ಕೋರ ಧ್ವನಿ ಒಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತಿತು. ಅವರು ನನ್ನತ್ತ ನೋಡಿದರು. ನಾನು ಏಳುವಷ್ಟರಲ್ಲಿ ಗೆಳೆಯ ಎದ್ದು ಎಲ್ಲರಿಗೂ ಕೇಳುವಂತೆ ಹೇಳಿದ: "ನಾ ಬ್ಯಾಡ ಬ್ಯಾಡ ಅಂತ ಬಡಕೊಂಡೆ ರೀ. ಡಿಸೈನ್ ಆಕೀದು, ಕೇಳಲಿಲ್ಲ."

ನನ್ನ ಲೆಕ್ಕವನ್ನೇ ಅನುಮಾನಿಸುತ್ತ ಡಬ್ಬಿ ಹೊತ್ತು ವಾಪಸ್ ಬಂದೆ. ಬೆಳಿಗ್ಗೆ ಅಂಗಡಿಯಲ್ಲಿ ಮುಚ್ಚಳ ತೆಗೆದರೆ, ಎರಡೂ ರೆಸಿಸ್ಟರಿನ ಆಚೀಚೆಗೆ ತಾಮ್ರದ ತಂತಿ ಬೆಸೆದಿತ್ತು. ಕರೆಂಟೆಲ್ಲ ತಂತಿಯಲ್ಲೇ ಹರಿದು, ರೆಸಿಸ್ಟರ್ ಇದ್ದೂ ಇಲ್ಲದ ಹಾಗೆ. ತಂತಿಯ ತುದಿಯನ್ನು ಎರಡು ಸುತ್ತು ಹೊಸೆದು ಬೆಸೆಯುವವನು ನಮ್ಮ ಅಂಗಡಿಯಲ್ಲಿ ಅವನೊಬ್ಬನೇ. ತೆರೆದ ಡಬ್ಬಿಯನ್ನು ಅವನ ಮುಂದಿಟ್ಟೆ.

"ಹನ್ನೆರಡು ಬರಲಿ ಅಂತ ಮಾಡೇನಿ. ಒಂದ್ ನಿಮಿಷ ಹಚ್ಚಿ ನೋಡಿದ್ದೆ, ಛಲೋ ಇತ್ತು," ಎಂದ.

"ಮತ್ತ ಅಲ್ಲೆ ನನ್ನ ಮ್ಯಾಲ ಯಾಕ ಹಾಕಿದಿ?"

"ಅಷ್ಟು ಮಂದಿ ಮುಂದ ನನ್ನ ಮರ್ಯಾದಿ ನಾನ ಕಳ್ಕೋಬೇಕಿತ್ತೇನು?"

ಅಷ್ಟು ಹೇಳಿ, ಏನೂ ಆಗಿಲ್ಲವೆಂಬಂತೆ ಇಬ್ಬರಿಗೂ ಚಹಾ ಹೇಳಲು ಹೊರಗೆ ಹೋದ. ನನ್ನ ಮರ್ಯಾದೆ ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಆ ಚಹಾ ನಾನು ಮುಟ್ಟಲಿಲ್ಲ.

ತಂತಿ ಕಿತ್ತೆಸೆದೆ. ಪೂರ್ತಿ ಲೋಡ್ ಕೊಟ್ಟು ದಿನವಿಡೀ ಓಡಿಸಿದೆ. ಕೈಯಿಟ್ಟು ನೋಡಿದರೆ ಎರಡೂ ರೆಗ್ಯುಲೇಟರ್ ಒಂದೇ ಸಮ ಬೆಚ್ಚಗಿದ್ದವು. ಧಾರವಾಡಕ್ಕೆ ಒಯ್ದು ಅಕ್ಕೋರ ಮುಂದಿಟ್ಟೆ. ನಡೆದದ್ದನ್ನೆಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರು ಸ್ವಿಚ್ಚಿನ ತನಕ ಕೈ ಒಯ್ದು ನಿಲ್ಲಿಸಿದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಕೇಳಿದರು: "ಇದನ್ನ ನಿನ್ನ ಗೆಳೆಯಾ ಒಮ್ಮೆ ನೋಡ್ಯಾನೋ ಇಲ್ಲೋ?"

ಡಬ್ಬಿಯನ್ನು ಅವರ ಹತ್ತಿರಕ್ಕೆ ಸರಿಸಿದೆ.

"ನೋಡ್ಯಾನ್ರಿ," ಎಂದೆ.

ಅಕ್ಕೋರು ನಿಶ್ಚಿಂತೆಯಿಂದ ಸ್ವಿಚ್ ಹಾಕಿದರು.